ರೈನ್ ನದಿಯ ತಳದಲ್ಲಿ ನಿಂತು

ನಮ್ಮ ಮಂಡ್ಯ ಸೀಮೆಯ ಮನೆಗಳಲ್ಲಿ ಬೆಳಿಗ್ಗೆ ಪೇಪರು ಬಂದರೆ ಮೊದಲು ಹುಡುಕುವುದು ಒಂದು ಅಂಕಿಯನ್ನು. ಕನ್ನಂಬಾಡಿ ಕಟ್ಟೆಯಲ್ಲಿ ನೀರು ಎಷ್ಟಿದೆ? ಪೂರ್ತಿ ತುಂಬಿದರೆ 124.80 ಅಡಿ. ನಮ್ಮ ತಂದೆಗೆ ಓದು ಬರುತ್ತಿರಲಿಲ್ಲ. ಆದರೆ ಆ ಅಂಕಿಯನ್ನು ನನ್ನ ಕೈಲಿ ಓದಿಸಿ ಕೇಳಿದ ಮೇಲೆಯೇ ಅವರು ಕಾಫಿ ಲೋಟ ಮುಟ್ಟುತ್ತಿದ್ದುದು. ಇಂಥದೇ ಒಂದು ಅಂಕಿಯನ್ನು ದಿನಾ ಬೆಳಿಗ್ಗೆ ಎದ್ದು ನೋಡುವ ಜನ ಭೂಮಿಯ ಇನ್ನೊಂದು ಮಗ್ಗುಲಲ್ಲೂ ಇದ್ದಾರೆ ಎಂದು ನನಗೆ ತಿಳಿದಿದ್ದು ನನ್ನ 67ನೇ ವಯಸ್ಸಿನಲ್ಲಿ, ಜರ್ಮನಿಯ ರೈನ್ ನದಿಯ ಮೇಲೆ, ಮುಂದೆ ಹೋಗಲಾರದೆ ನಿಂತುಬಿಟ್ಟ ಒಂದು ಹಡಗಿನಲ್ಲಿ.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದವನು. ಮೂವತ್ತನಾಲ್ಕು ವರ್ಷ ಕರಿಹಲಗೆಯ ಮೇಲೆ ಯುರೋಪಿನ ನಕ್ಷೆ ಬರೆದಿದ್ದೇನೆ. ‘ರೈನ್ ನದಿ ಸ್ವಿಟ್ಜರ್‌ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟಿ, ಸುಮಾರು 1,230 ಕಿಲೋಮೀಟರು ಹರಿದು, ನೆದರ್‌ಲೆಂಡ್ಸಿನಲ್ಲಿ ಉತ್ತರ ಸಮುದ್ರವನ್ನು ಸೇರುತ್ತದೆ’ ಎಂಬ ವಾಕ್ಯವನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನೋಡಿದ್ದು ಮಾತ್ರ ಒಂದು ಸಲವೂ ಇಲ್ಲ.

ಆ ವಾಕ್ಯದ ಜೊತೆಗೆ ನನಗೊಂದು ಹಳೆಯ ಬೇಸರವೂ ಅಂಟಿಕೊಂಡಿತ್ತು. 1991ನೇ ಇಸವಿ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದು ಊರೆಲ್ಲ ಕುದಿಯುತ್ತಿದ್ದ ಕಾಲ. ಒಂಬತ್ತನೇ ಕ್ಲಾಸಿನಲ್ಲಿ ಇದೇ ರೈನ್ ಪಾಠ ಮಾಡುತ್ತಿದ್ದೆ. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾ, ಆ ನದಿ ಅಷ್ಟೊಂದು ದೇಶದಾಗೆ ಹರೀತದಲ್ಲ, ಅವ್ರೂ ನಮ್ಮಂಗೇ ಜಗಳ ಆಡ್ತರಾ? ನೀರು ಕಮ್ಮಿ ಆದಾಗ ಏನ್ ಮಾಡ್ಕತರೆ?” ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. “ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ” ಎಂದು ಗದರಿದೆ. ಅವನು ಕೂತ. ಆಮೇಲೆ ಆ ವರ್ಷವೆಲ್ಲ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆದ್ದರಿಂದ 2018ರ ದಸರಾ ರಜೆಯಲ್ಲಿ ಮಗ, “ಅಪ್ಪಾ, ಹಿರಿಯರ ಗುಂಪೊಂದು ರೈನ್ ನದಿಯಲ್ಲಿ ಹಡಗಿನ ಪ್ರವಾಸ ಹೊರಟಿದೆ, ನೀವೂ ಅಮ್ಮನೂ ಹೋಗಿಬನ್ನಿ” ಎಂದಾಗ ನಾನು ಎರಡನೇ ಮಾತು ಆಡಲಿಲ್ಲ. ಆರನೇ ಕ್ಲಾಸಿನ ಮೊಮ್ಮಗಳು ಪುಟ್ಟಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಹೀಗೆ ನಾವು ಮೂವರು ಹೊರಟೆವು.

ನೀರಿನ ಮೆಟ್ಟಿಲುಗಳು

ನಮ್ಮ ಗುಂಪಿನಲ್ಲಿ ಇಪ್ಪತ್ತನಾಲ್ಕು ಜನ. ಹಾಸನದ ಡಾಕ್ಟರಮ್ಮ, ತುಮಕೂರಿನ ಅಡಿಕೆ ವ್ಯಾಪಾರಿ ದಂಪತಿ, ಬ್ಯಾಂಕಿನಿಂದ ನಿವೃತ್ತರಾದ ಮೂವರು ಗೆಳತಿಯರು, ಮದ್ದೂರಿನ ಕಬ್ಬು ಬೆಳೆಗಾರರಾದ ಗೌಡರು ಮತ್ತು ಅವರ ಹೆಂಡತಿ. ಪ್ರತಿಯೊಬ್ಬರ ಬ್ಯಾಗಿನಲ್ಲೂ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಮಾತ್ರೆ ಡಬ್ಬಿ, ಮಂಡಿಗೆ ಹಚ್ಚುವ ಎಣ್ಣೆ. ನೂರಮೂವತ್ತು ಜನರ ಹಡಗಿನಲ್ಲಿ ಮಕ್ಕಳೆಂದರೆ ಪುಟ್ಟಿಯೊಬ್ಬಳೇ. ಹಾಗಾಗಿ ಅವಳಿಗೆ ಎಲ್ಲ ದೇಶದ ಅಜ್ಜ ಅಜ್ಜಿಯರೂ ಸಿಕ್ಕರು.

ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನಲ್ಲಿ ಹಡಗು ಹತ್ತಿದೆವು. ನದಿಯ ಹಡಗು ಸಮುದ್ರದ ಹಡಗಿನಂತಲ್ಲ. ಅಲೆಯಿಲ್ಲ, ಹೊಟ್ಟೆ ತೊಳೆಸುವುದಿಲ್ಲ. ನಮ್ಮದು 110 ಮೀಟರು ಉದ್ದ. ಅಗಲ ಮಾತ್ರ ಹನ್ನೊಂದೂವರೆ ಮೀಟರು. ಉದ್ದನೆಯ ಛತ್ರವೊಂದು ನೀರಿನ ಮೇಲೆ ತೇಲುತ್ತಿರುವಂತೆ ಕಾಣುತ್ತಿತ್ತು. ಕಿಟಕಿಯ ಪಕ್ಕ ಕೂತರೆ ದಡದಲ್ಲಿ ನಾಯಿ ಅಡ್ಡಾಡಿಸುವವರು, ಸೈಕಲ್ ತುಳಿಯುವವರು ಕಣ್ಣೆದುರೇ ಹೋಗುತ್ತಾರೆ. ಕೈ ಬೀಸಿದರೆ ಕೈ ಬೀಸುತ್ತಾರೆ.

ಮೊದಲ ಬೆರಗು ‘ಲಾಕ್’. ಮಕ್ಕಳೇ, ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಿದರೆ ಮೇಲಿನ ನೀರು ಎತ್ತರದಲ್ಲಿರುತ್ತದೆ, ಕೆಳಗಿನದು ತಗ್ಗಿನಲ್ಲಿರುತ್ತದೆ. ಹಡಗು ದಾಟುವುದು ಹೇಗೆ? ಅಣೆಕಟ್ಟಿನ ಪಕ್ಕದಲ್ಲಿ ಕಾಂಕ್ರೀಟಿನ ಒಂದು ದೊಡ್ಡ ತೊಟ್ಟಿ ಕಟ್ಟಿರುತ್ತಾರೆ. ಅದಕ್ಕೆ ಎರಡೂ ತುದಿಯಲ್ಲಿ ಬಾಗಿಲು. ಹಡಗು ಮೇಲಿನ ಬಾಗಿಲಿನಿಂದ ಒಳಗೆ ಬರುತ್ತದೆ. ಬಾಗಿಲು ಮುಚ್ಚುತ್ತಾರೆ. ತೊಟ್ಟಿಯ ನೀರನ್ನು ಕೆಳಗಡೆಗೆ ಬಿಡುತ್ತಾರೆ. ನೀರು ಇಳಿದಂತೆ ಹಡಗೂ ಇಳಿಯುತ್ತದೆ. ಎರಡೂ ಕಡೆ ನೀರಿನ ಮಟ್ಟ ಒಂದೇ ಆದಾಗ ಕೆಳಗಿನ ಬಾಗಿಲು ತೆರೆಯುತ್ತದೆ, ಹಡಗು ಹೊರಟುಬಿಡುತ್ತದೆ. ನೀರೆತ್ತುವ ಪಂಪು ಬೇಕಿಲ್ಲ. ನೀರಿನ ಭಾರವೇ ಕೆಲಸ ಮಾಡುತ್ತದೆ. ಬಾಸೆಲ್ಲಿನಿಂದ ಜರ್ಮನಿಯ ಇಫೆಟ್ಸ್‌ಹೈಮ್ ಎಂಬ ಊರಿನವರೆಗೆ ಇಂಥ ಹತ್ತು ಕಟ್ಟೆಗಳಿವೆ. ರಾತ್ರಿ ಹನ್ನೊಂದಕ್ಕೆ ಒಂದು ಲಾಕ್ ಬಂದಾಗ ಪುಟ್ಟಿ ನನ್ನನ್ನು ಎಬ್ಬಿಸಿದಳು. ನಮ್ಮ ಕಿಟಕಿಯ ಹೊರಗೆ ಒದ್ದೆ ಗೋಡೆ ಮೆಲ್ಲಗೆ ಮೇಲೇರುತ್ತಿತ್ತು. “ತಾತ, ನಾವು ಲಿಫ್ಟಿನಲ್ಲಿದ್ದೀವಿ!” ಎಂದಳು. ಮೂವತ್ತನಾಲ್ಕು ವರ್ಷದ ಪಾಠದಲ್ಲಿ ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಅವಳು ಇನ್ನೊಂದು ವಿಷಯವನ್ನೂ ಕಂಡುಹಿಡಿದಳು. ನಮ್ಮ ರಸ್ತೆಗಳಲ್ಲಿ ಮೈಲಿಗಲ್ಲು ಇರುವಂತೆ ರೈನ್ ನದಿಯ ದಡದಲ್ಲಿ ಕಿಲೋಮೀಟರಿಗೊಂದು ಬಿಳಿ ಹಲಗೆ. ಅದರ ಮೇಲೆ ಕಪ್ಪು ಅಂಕಿ. ಕಾನ್‌ಸ್ಟಾನ್ಸ್ ಊರಿನ ಸೇತುವೆಯಲ್ಲಿ ಸೊನ್ನೆ, ಅಲ್ಲಿಂದ ಸಮುದ್ರದವರೆಗೂ ಲೆಕ್ಕ. ಪುಟ್ಟಿ ನೋಟ್‌ಬುಕ್ಕಿನಲ್ಲಿ ಆ ಅಂಕಿಗಳನ್ನು ಬರೆದುಕೊಳ್ಳತೊಡಗಿದಳು.

ಗಡಿಯ ಮೇಲೊಂದು ಟ್ರಾಮು

ಮರುದಿನ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ಊರಿನ ನಡುವೆ ಗುಲಾಬಿ ಬಣ್ಣದ ಮರಳುಗಲ್ಲಿನ ಚರ್ಚು. ಅದರ ಗೋಪುರ 142 ಮೀಟರು ಎತ್ತರ. 1439ರಲ್ಲಿ ಮುಗಿಸಿದ್ದಂತೆ. ನನಗೆ ಹೆಚ್ಚು ಹಿಡಿಸಿದ್ದು ಅದಲ್ಲ, ಒಂದು ಟ್ರಾಮು. ಸ್ಟ್ರಾಸ್‌ಬರ್ಗಿನಲ್ಲಿ ಹತ್ತಿ ಕೂತರೆ ಆ ಟ್ರಾಮು ಸೇತುವೆಯ ಮೇಲೆ ರೈನ್ ದಾಟಿ ಜರ್ಮನಿಯ ಕೇಲ್ ಎಂಬ ಊರಿಗೆ ಹೋಗುತ್ತದೆ. ನದಿಯ ಮಧ್ಯೆಯೇ ಎರಡು ದೇಶಗಳ ಗಡಿ. ಜನ ತರಕಾರಿ ಚೀಲ ಹಿಡಿದು ಆರಾಮಾಗಿ ಓಡಾಡುತ್ತಿದ್ದರು.

“ತಾತ, ಚೆಕ್‌ಪೋಸ್ಟ್ ಎಲ್ಲಿ?” ಪುಟ್ಟಿ ಕೇಳಿದಳು.

ನಾನು ಅವಳಿಗೆ ಲೆಕ್ಕ ಹೇಳಿದೆ. 1871ರಲ್ಲಿ ಈ ಊರು ಫ್ರಾನ್ಸಿನಿಂದ ಜರ್ಮನಿಗೆ ಹೋಯಿತು. 1918ರಲ್ಲಿ ಮತ್ತೆ ಫ್ರಾನ್ಸಿಗೆ. 1940ರಲ್ಲಿ ಮತ್ತೆ ಜರ್ಮನಿಗೆ. 1944ರಲ್ಲಿ ಮತ್ತೆ ಫ್ರಾನ್ಸಿಗೆ. 1870ರಲ್ಲಿ ಹುಟ್ಟಿ ಎಪ್ಪತ್ತೈದು ವರ್ಷ ಬದುಕಿದ ಅಜ್ಜಿಯೊಬ್ಬಳು ಮನೆ ಬಿಟ್ಟು ಕದಲದೆಯೇ ನಾಲ್ಕು ಸಲ ದೇಶ ಬದಲಾಯಿಸಿರುತ್ತಾಳೆ! ಅಂಥ ನದಿಯ ಮೇಲೆ 2017ರಿಂದ ಈ ಟ್ರಾಮು ಓಡುತ್ತಿದೆ.

ಗೌಡರು ಸೇತುವೆಯ ಕೆಳಗಿನ ನೀರನ್ನೇ ನೋಡುತ್ತ ಕೂತಿದ್ದರು. “ಎರಡು ವರ್ಷದ ಹಿಂದೆ ನಮ್ಮ ಬಸ್ಸು ಹೊಸೂರು ದಾಟಂಗಿರಲಿಲ್ಲ, ಅಲ್ವಾ ಮೇಷ್ಟ್ರೇ” ಎಂದರು. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಉರಿದಿದ್ದು ನಮ್ಮೆಲ್ಲರಿಗೂ ನೆನಪಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಸ್ಟ್ರಾಸ್‌ಬರ್ಗಿನಲ್ಲಿ ಒಂದು ಹಳೆಯ ಅರಮನೆಯಂಥ ಕಟ್ಟಡವಿದೆ. ರೈನ್ ನದಿಯ ಸಂಚಾರಕ್ಕಾಗಿಯೇ ಇರುವ ಕೇಂದ್ರ ಆಯೋಗದ ಕಚೇರಿ ಅಲ್ಲಿದೆ. ನೆಪೋಲಿಯನ್ ಸೋತ ಮೇಲೆ 1815ರಲ್ಲಿ ವಿಯೆನ್ನಾದಲ್ಲಿ ಯುರೋಪಿನ ರಾಜರೆಲ್ಲ ಸಭೆ ಸೇರಿದ್ದನ್ನು ನಾನು ಪಾಠ ಮಾಡಿದ್ದೆ. ಆದರೆ ಅದೇ ಸಭೆಯಲ್ಲಿ ಈ ನದಿಗೊಂದು ಆಯೋಗ ಬೇಕೆಂದು ತೀರ್ಮಾನಿಸಿದ್ದು ನಮ್ಮ ಪುಸ್ತಕದಲ್ಲಿ ಇರಲಿಲ್ಲ. ಮರುವರ್ಷವೇ ಅದರ ಮೊದಲ ಸಭೆ ನಡೆಯಿತು. ಇವತ್ತಿಗೂ ಕೆಲಸ ಮಾಡುತ್ತಿರುವ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲೆಲ್ಲ ಇದೇ ಹಳೆಯದು. ವಿಶ್ವಸಂಸ್ಥೆಗಿಂತ ನೂರಮೂವತ್ತು ವರ್ಷ ಹಿರಿಯ!

ಕೊನೆಯ ಬೆಂಚಿನ ಹುಡುಗನಿಗೆ ಅರ್ಧ ಉತ್ತರ ಸಿಕ್ಕಿತು ಅಂದುಕೊಂಡೆ.

ಹಡಗು ನಿಂತಿತು

ಮೂರನೇ ದಿನ ಸಂಜೆ ಮೈನ್ಟ್ಸ್ ಎಂಬ ಊರಿಗೆ ಬಂದೆವು. ಪುಟ್ಟಿಯ ಲೆಕ್ಕದಲ್ಲಿ 498ನೇ ಕಿಲೋಮೀಟರು. ಊಟದ ಹೊತ್ತಿಗೆ ಕ್ಯಾಪ್ಟನ್ ಮೈಕ್ ಹಿಡಿದು ಬಂದರು. ಮುಖ ನೋಡಿದರೇ ಸುದ್ದಿ ಒಳ್ಳೆಯದಲ್ಲ ಎಂದು ಗೊತ್ತಾಗುತ್ತಿತ್ತು. ನದಿಯಲ್ಲಿ ನೀರು ಸಾಲದು, ಹಡಗು ಮುಂದಕ್ಕೆ ಹೋಗುವಂತಿಲ್ಲ ಎಂದರು. ಒಂದು ದಿನ ಇಲ್ಲೇ ಇದ್ದು, ಮುಂದಿನ ಕಣಿವೆಯನ್ನು ಬಸ್ಸಿನಲ್ಲಿ ದಾಟಿ, ಕೋಬ್ಲೆನ್ಸ್ ಎಂಬಲ್ಲಿ ಇನ್ನೊಂದು ಹಡಗು ಹತ್ತಬೇಕು.

ನಮ್ಮ ಮೇಜುಗಳಲ್ಲಿ ಗಲಾಟೆಯೋ ಗಲಾಟೆ. ಏಕೆಂದರೆ ಆ ಕಣಿವೆಯೇ ಈ ಪ್ರವಾಸದ ಜೀವ. ಎರಡೂ ಕಡೆ ಬೆಟ್ಟ, ಬೆಟ್ಟದ ಮೇಲೆ ಕೋಟೆಗಳು, ದ್ರಾಕ್ಷಿ ತೋಟಗಳು, ಲೊರಲೈ ಎಂಬ ಬಂಡೆ. ಅದನ್ನು ಹಡಗಿನ ಮೇಲಿಂದ ನೋಡಬೇಕೆಂದೇ ಎಲ್ಲರೂ ಬಂದಿದ್ದು. “ಹಡಗಿಗೆ ದುಡ್ಡು ಕಟ್ಟಿ ಬಸ್ಸಲ್ಲಿ ಹೋಗೋದಾ? ಬಸ್ಸು ನಮ್ಮೂರಲ್ಲಿ ಇರಲಿಲ್ವಾ?” ಎಂದು ಅಡಿಕೆ ವ್ಯಾಪಾರಿಗಳು ಎದ್ದೇಬಿಟ್ಟರು. ಬ್ಯಾಂಕಿನ ಗೆಳತಿಯರಲ್ಲಿ ಒಬ್ಬರ ಕಣ್ಣಲ್ಲಿ ನೀರು. ನನಗೂ ಹೊಟ್ಟೆ ಉರಿಯಿತು. ನನ್ನ ನಿವೃತ್ತಿ ಹಣದ ಒಂದು ಪಾಲು, ಮಗನ ಸಂಬಳದ ಒಂದು ಪಾಲು ಇದಕ್ಕೆ ಸುರಿದಿದ್ದೆವು. ಇನ್ನೊಂದು ಸಲ ಬರುವ ವಯಸ್ಸೂ ಅಲ್ಲ.

ಡಾಕ್ಟರಮ್ಮ ಎದ್ದು ಹೋಗಿ ಕ್ಯಾಪ್ಟನ್ ಹತ್ತಿರ, ಎಷ್ಟು ನೀರಿದೆ, ಎಷ್ಟು ಬೇಕು ಎಂದು ಕೇಳಿದರು. ಆತ ಕೋಪ ಮಾಡಿಕೊಳ್ಳಲಿಲ್ಲ. ಜೇಬಿನಿಂದ ಫೋನು ತೆಗೆದು ಒಂದು ಅಂಕಿ ತೋರಿಸಿದರು. ಕೌಬ್, ಮೂವತ್ತು ಸೆಂಟಿಮೀಟರಿನ ಆಸುಪಾಸು.

ಕೌಬ್ ಎನ್ನುವುದು ಕಣಿವೆಯ ನಡುವಿನ ಒಂದು ಪುಟ್ಟ ಊರು. ನದಿಯ ಆ ಭಾಗದಲ್ಲಿ ತಳ ಬಂಡೆ, ನೀರು ಕಡಿಮೆ. ಅಲ್ಲಿ ನೀರಿನ ಮಟ್ಟ ಅಳೆಯುವ ಮಾಪಕವಿದೆ. ಅದು ತೋರಿಸುವುದು ನದಿಯ ಪೂರ್ತಿ ಆಳವಲ್ಲ. ಹಡಗು ಹೋಗುವ ದಾರಿಯಲ್ಲಿ ಅದಕ್ಕಿಂತ ಒಂದು ಮೀಟರಿಗೂ ಹೆಚ್ಚು ನೀರಿರುತ್ತದೆ. ಆದರೂ ಮೂವತ್ತು ಎಂದರೆ ಒಟ್ಟು ಆಳ ಒಂದೂವರೆ ಮೀಟರು ಮುಟ್ಟುವುದಿಲ್ಲ. ನಮ್ಮ ಹಡಗಿನ ಹೊಟ್ಟೆಗೆ ಅದಕ್ಕಿಂತ ಹೆಚ್ಚು ಬೇಕು. ರೈನ್ ನದಿಯ ಮೇಲೆ ಬದುಕುವ ಎಲ್ಲರೂ, ಹಡಗಿನವರು, ಕಾರ್ಖಾನೆಯವರು, ಪೆಟ್ರೋಲು ಸಾಗಿಸುವವರು, ದಿನಾ ಬೆಳಿಗ್ಗೆ ಮೊದಲು ನೋಡುವುದು ಈ ಅಂಕಿಯನ್ನೇ ಎಂದು ಕ್ಯಾಪ್ಟನ್ ಹೇಳಿದರು.

ನನ್ನ ಕಣ್ಣ ಮುಂದೆ ಪೇಪರಿನ ಮೂಲೆಯ 124.80 ಬಂತು, ಕಾಫಿ ಲೋಟ ಮುಟ್ಟದೆ ಕೂತ ಅಪ್ಪ ಬಂದರು. ಸಿಟ್ಟು ಅಲ್ಲಿಗೇ ಇಳಿಯಿತು. ವಿಚಿತ್ರವೆಂದರೆ ಆ ವರ್ಷ ನಮ್ಮ ಕನ್ನಂಬಾಡಿ ಜುಲೈನಲ್ಲೇ ತುಂಬಿತ್ತು. ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಕುಸಿದಿದ್ದವು. ಇಲ್ಲಿ ಬೇಸಿಗೆಯ ಬಿಸಿಲಿಗೆ, ಮಳೆಯಿಲ್ಲದ ತಿಂಗಳುಗಳಿಗೆ ರೈನ್ ಒಣಗಿತ್ತು.

ಹಾಗಾದರೆ ಇಲ್ಲಿಯವರೆಗೆ ಹೇಗೆ ಬಂದೆವು? ಉತ್ತರ ಪುಟ್ಟಿಯೇ ಹೇಳಿದಳು: “ಮೇಲೆ ಹತ್ತು ಲಾಕ್ ಇತ್ತಲ್ಲ ತಾತ, ಅಲ್ಲಿ ನೀರು ಕಟ್ಟಿಟ್ಟಿರ್ತಾರೆ.” ಸರಿಯಾದ ಮಾತು. ಇಫೆಟ್ಸ್‌ಹೈಮ್ ದಾಟಿದ ಮೇಲೆ ಜರ್ಮನಿಯ ಉದ್ದಕ್ಕೂ ನದಿಗೆ ಅಡ್ಡ ಕಟ್ಟೆ ಇಲ್ಲ. ಬಂದಷ್ಟು ನೀರು, ಹೋದಷ್ಟು ದೂರ.

ಮರುದಿನ ಮೈನ್ಟ್ಸ್ ಊರಿನಲ್ಲಿ ಸುತ್ತಿದೆವು. 1455ರ ಸುಮಾರಿಗೆ ಬಿಡಿ ಅಚ್ಚುಮೊಳೆಗಳಿಂದ ಬೈಬಲ್ ಅಚ್ಚು ಹಾಕಿದ ಗುಟೆನ್‌ಬರ್ಗನ ಊರು ಅದು. ಮ್ಯೂಸಿಯಮ್ಮಿನಲ್ಲಿ ಹಳೆಯ ಮಾದರಿಯ ಮರದ ಅಚ್ಚುಯಂತ್ರ ನಡೆಸಿ ತೋರಿಸಿದರು. ನನಗೆ ಖುಷಿ ಕೊಟ್ಟ ಇನ್ನೊಂದು ಸಂಗತಿಯಿದೆ: ನದಿ ಆಯೋಗದ ಆ ಮೊದಲ ಸಭೆ 1816ರಲ್ಲಿ ನಡೆದಿದ್ದು ಇದೇ ಊರಿನಲ್ಲಿ. ಹಡಗು ನಿಲ್ಲದಿದ್ದರೆ ಇಷ್ಟು ಹೊತ್ತು ಇಲ್ಲಿ ಅಡ್ಡಾಡುತ್ತಿರಲಿಲ್ಲ.

546ನೇ ಕಿಲೋಮೀಟರು

ಬಸ್ಸು ನದಿಯ ಎಡದಂಡೆಯ ರಸ್ತೆಯಲ್ಲಿ ಹೊರಟಿತು. ಬೆಟ್ಟದ ಇಳಿಜಾರಿನಲ್ಲಿ ಹಳದಿಯಾದ ದ್ರಾಕ್ಷಿ ಎಲೆ. ಒಂದರ ಹಿಂದೆ ಒಂದು ಕೋಟೆ. ಗೊಣಗುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಕಿಟಕಿಗೆ ಮುಖವಿಟ್ಟರು. ಕೌಬ್ ಎದುರಿಗೆ ಚಾಲಕ ಬಸ್ಸು ನಿಲ್ಲಿಸಿದ. ನದಿಯ ನಡುವೆ ಹಡಗಿನ ಆಕಾರದ ಒಂದು ಬಿಳಿಯ ಕೋಟೆ. ಹೆಸರು ಫಾಲ್ಟ್ಸ್‌ಗ್ರಾಫೆನ್‌ಸ್ಟೈನ್. ಹೇಳಲು ನಾಲಿಗೆ ಹೊರಳದೆ ನಮ್ಮವರೆಲ್ಲ ಅದಕ್ಕೆ ‘ಸುಂಕದ ಕೋಟೆ’ ಎಂದು ಹೆಸರಿಟ್ಟರು.

ಹೆಸರು ಸರಿಯಾಗಿಯೇ ಇತ್ತು. 1326ರ ಹೊತ್ತಿಗೆ ಕಟ್ಟಲು ಶುರುಮಾಡಿದ ಆ ಕೋಟೆಯ ಕೆಲಸವೇ ಸುಂಕ ವಸೂಲಿ. ನದಿಗೆ ಅಡ್ಡ ಸರಪಳಿ ಕಟ್ಟಿ, ದುಡ್ಡು ಕೊಟ್ಟ ಮೇಲೆಯೇ ಹಡಗು ಬಿಡುತ್ತಿದ್ದರು. ರೈನ್ ದಂಡೆಯ ಉದ್ದಕ್ಕೂ ಇಂಥ ಸುಂಕದ ಕಟ್ಟೆಗಳು. ಒಬ್ಬೊಬ್ಬ ಪಾಳೆಯಗಾರನಿಗೂ ಒಂದೊಂದು. ಆಯೋಗ ಹುಟ್ಟಿದ್ದು ಈ ಕಾಟಕ್ಕೆ ಕೊನೆ ಹಾಡಲೆಂದೇ. ಅದೂ ಒಂದು ದಿನದಲ್ಲಿ ಆಗಲಿಲ್ಲ. 1868ರಲ್ಲಿ ಮಾನ್‌ಹೈಮ್ ಎಂಬ ಊರಿನಲ್ಲಿ ಮಾಡಿಕೊಂಡ ಒಪ್ಪಂದದಿಂದ ನದಿಯ ಸಂಚಾರ ಸುಂಕವಿಲ್ಲದೆ ಎಲ್ಲರಿಗೂ ಮುಕ್ತವಾಯಿತು. ಮೊದಲ ಸಭೆಯಿಂದ ಅಲ್ಲಿಗೆ ಐವತ್ತೆರಡು ವರ್ಷ!

ನಾವು ನಿಂತ ದಂಡೆಯ ಕಡೆ ನೀರೇ ಇರಲಿಲ್ಲ. ನದಿಯ ತಳ ಬಯಲಾಗಿತ್ತು. ಬೆಣಚುಕಲ್ಲು, ಒಣಗಿದ ಪಾಚಿ, ಚಿಪ್ಪುಗಳು. ಜನ ಅದರ ಮೇಲೆ ಕೋಟೆಯ ಕಡೆಗೆ ನಡೆದುಕೊಂಡೇ ಹೋಗುತ್ತಿದ್ದರು. ಪುಟ್ಟಿ ನನ್ನ ಕೈ ಹಿಡಿದು ಎಳೆದಳು. ಮಂಡಿ ನೋವಿನ ನನ್ನಾಕೆ ಕೂಡ ಕೋಲೂರಿಕೊಂಡು ಇಳಿದು ಬಂದಳು. “ಏನೂಂದ್ರೆ, ಇಷ್ಟು ವರ್ಷ ಬೋರ್ಡಿನ ಮೇಲೆ ಈ ನದಿ ಬರೆದಿರಿ. ಈಗ ಅದರ ತಳದಲ್ಲೇ ನಿಂತಿದ್ದೀರಿ. ಹಡಗಿನಲ್ಲಿ ಹೋಗಿದ್ದರೆ ಇದು ಸಿಗ್ತಿತ್ತಾ?” ಎಂದಳು. ನಾನು ಏನೂ ಹೇಳಲಿಲ್ಲ. ನಕ್ಷೆಯಲ್ಲಿ ನೀಲಿ ಗೆರೆ ಎಳೆದಿದ್ದ ಜಾಗದಲ್ಲಿ ಕಾಲ ಕೆಳಗೆ ಕಲ್ಲು ಕರಕರ ಎನ್ನುತ್ತಿತ್ತು.

ಆಚೆ ದಂಡೆಯ ಕಡೆ ಉಳಿದ ಕಿರುದಾರಿಯಲ್ಲಿ ಸರಕಿನ ದೋಣಿಗಳು ಮೆಲ್ಲಗೆ ಹೋಗುತ್ತಿದ್ದವು. ಒಂದೂ ತುಂಬಿರಲಿಲ್ಲ. ಪ್ರತಿಯೊಂದೂ ಅರ್ಧಕ್ಕಿಂತ ಕಡಿಮೆ ಸರಕು ಹೇರಿಕೊಂಡು ನೀರಿನಲ್ಲಿ ಎತ್ತರಕ್ಕೆ ತೇಲುತ್ತಿತ್ತು. ಹಾಗಾದರೆ ಅವರಿಗೆ ನಷ್ಟವಲ್ಲವೇ ಎಂದು ನಮ್ಮ ಪ್ರವಾಸದ ಮಾರ್ಗದರ್ಶಿಯನ್ನು ಕೇಳಿದೆ. ಆಕೆ ಹೇಳಿದ್ದನ್ನು ನಾನು ಅಲ್ಲೇ ಪುಟ್ಟಿಯ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡೆ. ಸರಕು ಸಾಗಿಸುವವರೂ ಕಳಿಸುವವರೂ ಮೊದಲೇ ಕರಾರು ಮಾಡಿಕೊಂಡಿರುತ್ತಾರೆ. ಮಾಪಕದ ಅಂಕಿ ಇಷ್ಟಕ್ಕೆ ಇಳಿದರೆ ಬಾಡಿಗೆ ಇಷ್ಟು ಹೆಚ್ಚು, ಇನ್ನೂ ಇಳಿದರೆ ಇನ್ನಷ್ಟು ಹೆಚ್ಚು, ತೀರಾ ಇಳಿದರೆ ಸಾಗಿಸಲೇಬೇಕೆಂಬ ಕಟ್ಟುಪಾಡಿಲ್ಲ. ನದಿ ತುಂಬಿ ಹರಿಯುವಾಗಲೇ ಬತ್ತಿದ ದಿನದ ಲೆಕ್ಕವನ್ನು ಬರೆದಿಟ್ಟುಕೊಂಡಿರುತ್ತಾರೆ. ಹಾಗಾಗಿ ನೀರು ಇಳಿದಾಗ ಎಲ್ಲರಿಗೂ ಕಷ್ಟವಾಗುತ್ತದೆ, ಆದರೆ ಹೊಡೆದಾಟವಾಗುವುದಿಲ್ಲ.

ನಾನು ಉತ್ಸಾಹದಿಂದ ಇದನ್ನು ಬಸ್ಸಿನಲ್ಲಿ ಎಲ್ಲರಿಗೂ ಪಾಠದಂತೆ ಹೇಳಿದೆ. ಗೌಡರು ಪೂರ್ತಿ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು. “ಮೇಷ್ಟ್ರೇ, ಒಂದ್ ಮಾತು. ಹಡಗು ನೀರಿನ ಮೇಲೆ ಹೋಯ್ತದೆ, ನೀರ್ ಕುಡಿಯಲ್ಲ. ನಮ್ಮ ಗದ್ದೆ ನೀರ್ ಕುಡೀತದೆ. ಅವರದ್ದು ದಾರಿ ಜಗಳ, ನಮ್ಮದು ಹೊಟ್ಟೆ ಜಗಳ. ಎರಡನ್ನೂ ಒಂದೇ ತಕ್ಕಡೀಲಿ ತೂಗಬೇಡಿ.”

ಬಸ್ಸಿನಲ್ಲಿದ್ದವರೆಲ್ಲ ಹೌದೆಂದರು. ನಾನೂ ಹೌದೆಂದೆ. ಕ್ಲಾಸಿನಲ್ಲಾಗಿದ್ದರೆ “ಕೂತ್ಕೋ” ಎನ್ನುತ್ತಿದ್ದೆನೋ ಏನೋ!

ಕೆಂಪಾದ ನದಿ, ಮರಳಿ ಬಂದ ಮೀನು

ಕೋಬ್ಲೆನ್ಸ್‌ನಲ್ಲಿ ಮೊಸೆಲ್ ನದಿ ಬಂದು ರೈನ್ ಸೇರುತ್ತದೆ. ನಮ್ಮ ತಲಕಾವೇರಿ–ಭಾಗಮಂಡಲ ಕಂಡವರಿಗೆ ಸಂಗಮವೆಂದರೆ ಕೈ ಮುಗಿಯುವ ಅಭ್ಯಾಸ. ನಮ್ಮ ಹೆಂಗಸರು ಅಲ್ಲೂ ಮುಗಿದರು. ಈ ಊರಿನಲ್ಲಿ ರೈನ್ ನದಿಯ ರಕ್ಷಣೆಗಾಗಿ 1950ರಲ್ಲಿ ಹುಟ್ಟಿದ ಇನ್ನೊಂದು ಆಯೋಗದ ಕಚೇರಿಯಿದೆ. ಅದರ ಕಥೆ ಮಕ್ಕಳು ಕೇಳಬೇಕಾದದ್ದು.

1986ರ ನವೆಂಬರ್ 1ರಂದು ಬಾಸೆಲ್ ಹತ್ತಿರ ರಾಸಾಯನಿಕಗಳ ಗೋದಾಮೊಂದಕ್ಕೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಹೊಡೆದ ನೀರು ವಿಷವನ್ನೆಲ್ಲ ತೊಳೆದುಕೊಂಡು ರೈನ್ ಸೇರಿತು. ನದಿ ಕೆಂಪಾಯಿತು. ಮೀನುಗಳು, ಹಾವುಮೀನುಗಳು ರಾಶಿ ರಾಶಿ ಸತ್ತವು. ವಿಷ ಒಂದು ದೇಶದ ಗಡಿಯಲ್ಲಿ ನಿಲ್ಲುತ್ತದೆಯೇ? ಫ್ರಾನ್ಸ್, ಜರ್ಮನಿ, ನೆದರ್‌ಲೆಂಡ್ಸ್ ಎಲ್ಲಕ್ಕೂ ಹೋಯಿತು. ಜನ ಬೀದಿಗಿಳಿದರು. ಮರುವರ್ಷ ಎಲ್ಲ ದೇಶಗಳೂ ಕೂತು ಒಂದು ಗುರಿ ಇಟ್ಟುಕೊಂಡವು: 2000ನೇ ಇಸವಿಯ ಹೊತ್ತಿಗೆ ಈ ನದಿಗೆ ಸಾಲ್ಮನ್ ಮೀನು ಮರಳಿ ಬರಬೇಕು. ಕೊಳಕು ನೀರು, ಅಣೆಕಟ್ಟುಗಳಿಂದಾಗಿ ಆ ಮೀನು ರೈನ್‌ನಿಂದ ಕಾಣೆಯಾಗಿ ಮೂವತ್ತು ವರ್ಷಗಳ ಮೇಲಾಗಿತ್ತು. ಕಾರ್ಖಾನೆ, ಚರಂಡಿಗಳ ನೀರನ್ನು ಶುದ್ಧ ಮಾಡಿ ಬಿಡತೊಡಗಿದರು. ಅಣೆಕಟ್ಟುಗಳ ಪಕ್ಕ ಮೀನುಗಳು ಹತ್ತಿ ಹೋಗಲು ಮೆಟ್ಟಿಲು ಕಟ್ಟಿದರು. ಇಫೆಟ್ಸ್‌ಹೈಮ್‌ನದು 2000ನೇ ಇಸವಿಯಲ್ಲೇ ತೆರೆಯಿತು. ಸಾಲ್ಮನ್ ಮತ್ತೆ ಬಂತು. ಬಾಸೆಲ್‌ವರೆಗೆ ಅದರ ದಾರಿ ಪೂರ್ತಿ ಸಲೀಸಾಗಿಲ್ಲ, ಕೆಲಸ ಇನ್ನೂ ನಡೆಯುತ್ತಿದೆ.

“ಹಡಗಿಗೆ ಲಿಫ್ಟು, ಮೀನಿಗೆ ಮೆಟ್ಟಿಲು!” ಎಂದು ಪುಟ್ಟಿ ಬರೆದುಕೊಂಡಳು.

ಹಡಗಿಗೆ ಆಯುಧಪೂಜೆ

ಎರಡನೇ ಹಡಗು ರಾತ್ರಿಯೇ ಹೊರಟು ಬೆಳಿಗ್ಗೆ ಕೊಲೋನ್ ತಲುಪಿತು. ಅಂದು ನಮ್ಮಲ್ಲಿ ಆಯುಧಪೂಜೆ. ನಮ್ಮ ಹೆಂಗಸರಿಗೆ ಕೈ ಕಟ್ಟಿ ಕೂರಲು ಮನಸ್ಸಾಗಲಿಲ್ಲ. ಡಾಕ್ಟರಮ್ಮ ಹೊಸ ಕ್ಯಾಪ್ಟನ್ ಹತ್ತಿರ ಹೋಗಿ, ನಮ್ಮನ್ನು ಹೊತ್ತು ತಿರುಗುವ ಯಂತ್ರಕ್ಕೆ ವರ್ಷಕ್ಕೊಂದು ಸಲ ನಮಸ್ಕಾರ ಮಾಡುತ್ತೇವೆ ಎಂದು ವಿವರಿಸಿದರು. ಆತ ನಕ್ಕು ಒಪ್ಪಿದರು. ಹಡಗು ನಡೆಸುವ ಕೋಣೆಯಲ್ಲಿ ದೊಡ್ಡ ಚಕ್ರ ಇರುತ್ತದೆಂದು ಊಹಿಸಿದ್ದ ನಮಗೆ ಕಂಡಿದ್ದು ಗುಂಡಿಗಳು, ಪರದೆಗಳು, ಸಣ್ಣ ಹಿಡಿಕೆಗಳು. ಅದಕ್ಕೇ ಅರಿಶಿನ ಕುಂಕುಮವಾಯಿತು. ಅಡಿಗೆಮನೆಯಿಂದ ನಿಂಬೆಹಣ್ಣೂ ಬಂತು. “ಚಕ್ರವೇ ಇಲ್ಲ, ನಿಂಬೆಹಣ್ಣು ಎಲ್ಲಿಡೋದು?” ಎಂದು ಅಡಿಕೆ ವ್ಯಾಪಾರಿಗಳು ಕೇಳಿದಾಗ ಇಡೀ ಹಡಗು ನಕ್ಕಿತು. ಕೊನೆಗೆ ಆ ಹಣ್ಣು ಕ್ಯಾಪ್ಟನ್ನರ ಚಹಾ ಸೇರಿತು.

ಕೊಲೋನ್ ಊರಿನ ಚರ್ಚನ್ನು 1248ರಲ್ಲಿ ಕಟ್ಟಲು ಶುರುಮಾಡಿ 1880ರಲ್ಲಿ ಮುಗಿಸಿದರಂತೆ. ಆರುನೂರ ಮೂವತ್ತೆರಡು ವರ್ಷ. ನಡುವೆ ಕೆಲಸ ನಿಂತು ಮುನ್ನೂರು ವರ್ಷ ಹಾಗೇ ಬಿದ್ದಿತ್ತು. ಅದರ ಮುಂದೆ ನಿಂತಾಗ ಒಂದು ದಿನ ನಿಂತ ನಮ್ಮ ಹಡಗಿನ ಸಿಟ್ಟು ನೆನೆದು ನಾಚಿಕೆಯಾಯಿತು.

ಕೊನೆಯ ಹಾದಿ ನೆದರ್‌ಲೆಂಡ್ಸ್. ಅಲ್ಲಿ ರೈನ್ ಕವಲೊಡೆದು ಹೆಸರನ್ನೂ ಕಳೆದುಕೊಳ್ಳುತ್ತದೆ. ಕಿಂಡರ್‌ಡೈಕ್ ಎಂಬಲ್ಲಿ 1740ರ ಸುಮಾರಿನ 19 ಗಾಳಿಗಿರಣಿಗಳಿವೆ. ಹಿಟ್ಟು ಬೀಸಲು ಅಲ್ಲ, ಸಮುದ್ರಮಟ್ಟಕ್ಕಿಂತ ತಗ್ಗಿನ ಹೊಲಗಳಿಂದ ನೀರನ್ನು ಎತ್ತಿ ಹೊರಹಾಕಲು! ನೀರು ಬೇಕೆಂದು ಕಾದಾಡುವ ನಾವು, ನೀರು ಬೇಡವೆಂದು ಕಾದಾಡಿದವರ ಮುಂದೆ ನಿಂತು ಫೋಟೊ ತೆಗೆಸಿಕೊಂಡೆವು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿಮಾನ ಹತ್ತಿದೆವು. ನಾವು ಹೊರಟ ಮೇಲೂ ಆ ತಿಂಗಳು ಕೌಬ್ ಅಂಕಿ ಇಳಿಯುತ್ತಲೇ ಹೋಗಿ 25 ಸೆಂಟಿಮೀಟರು ಮುಟ್ಟಿ ದಾಖಲೆಯಾಯಿತು.

ಕೊನೆಯ ಬೆಂಚಿನ ಉತ್ತರ

ಊರಿಗೆ ಬಂದ ಮೇಲೆ ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಹುಡುಗನೇನು, ನಲವತ್ತು ದಾಟಿದವನು. ಊರಿನ ನಾಲೆಯಲ್ಲಿ ನೀರುಗಂಟಿ ಕೆಲಸ. ತೂಬಿನ ಹತ್ತಿರ ಸನಿಕೆ ಹಿಡಿದು ನಿಂತಿದ್ದ. “ಬನ್ನಿ ಸಾ” ಎಂದು ಟವೆಲ್ಲು ಹಾಸಿ ಕೂರಿಸಿದ.

“ಒಂಬತ್ತನೇ ಕ್ಲಾಸಿನಲ್ಲಿ ನೀನೊಂದು ಪ್ರಶ್ನೆ ಕೇಳಿದ್ದೆ. ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋ ಬದಲು ನಿನ್ನ ಗದರಿದೆ. ತಪ್ಪಾಯ್ತು” ಎಂದೆ. ಅವನಿಗೆ ನೆನಪೇ ಇರಲಿಲ್ಲ. ಇದ್ದರೂ ಇಲ್ಲವೆಂದನೋ ತಿಳಿಯದು. ಆಮೇಲೆ ಆಯೋಗದ ಕಥೆ, ಸುಂಕದ ಕೋಟೆ, ಅರ್ಧ ತುಂಬಿದ ದೋಣಿಗಳು, ನೀರಿರುವಾಗಲೇ ಬರೆದಿಟ್ಟ ಕರಾರು ಎಲ್ಲ ಹೇಳಿದೆ. ಗೌಡರು ಹೇಳಿದ ಹೊಟ್ಟೆ ಜಗಳದ ಮಾತನ್ನೂ ಮುಚ್ಚಿಡಲಿಲ್ಲ.

ಅವನು ಸನಿಕೆಯ ಮೇಲೆ ಗದ್ದ ಊರಿ ಕೇಳಿಸಿಕೊಂಡ. “ಅಂದ್ರೆ ನಮ್ಮ ಕಟ್ಟು ಪದ್ಧತಿ ಇದ್ದಂಗೇ ಸಾ” ಎಂದ. ಕಟ್ಟು ಪದ್ಧತಿ ಎಂದರೆ, ಕಟ್ಟೆಯಲ್ಲಿ ನೀರು ಕಡಿಮೆಯಾದಾಗ ನಾಲೆಗೆ ಕೆಲವು ದಿನ ನೀರು ಬಿಟ್ಟು, ಕೆಲವು ದಿನ ನಿಲ್ಲಿಸಿ, ಪಾಳಿಯಂತೆ ಹಂಚುವುದು. “ಎಲ್ರೂ ಬೈತಾರೆ. ಆದ್ರೆ ಯಾರ ಗದ್ದೆಗೆ ಯಾವತ್ತು ಅಂತ ಮುಂಚೇನೇ ಹೇಳಿಟ್ರೆ, ರಾತ್ರಿ ಹೊತ್ತು ತೂಬು ಒಡೆಯಕ್ಕೆ ಬರಲ್ಲ. ಹೇಳ್ದೆ ನಿಲ್ಲಿಸಿದ್ರೆ ಬರ್ತಾರೆ.”

ಎರಡು ರಾಜ್ಯಗಳ ನಡುವೆಯೂ ನಾವು ಇಷ್ಟು ವರ್ಷದಿಂದ ‘ಸಂಕಷ್ಟ ಸೂತ್ರ’ ಬೇಕು ಎನ್ನುತ್ತಿರುವುದು ಇದನ್ನೇ ಅಲ್ಲವೇ? ಮಳೆ ಬಾರದ ವರ್ಷದ ಕಷ್ಟವನ್ನು ಹೇಗೆ ಹಂಚಿಕೊಳ್ಳಬೇಕೆಂಬ ಲೆಕ್ಕ. ಸುಪ್ರೀಂ ಕೋರ್ಟಿನ ತೀರ್ಪು ಬಂದು, ಕಾವೇರಿಗೂ ಒಂದು ನಿರ್ವಹಣಾ ಪ್ರಾಧಿಕಾರ ಆಗಿದ್ದು ಅದೇ 2018ರಲ್ಲಿ. ರೈನ್ ದಂಡೆಯವರಿಗೆ ಮೊದಲ ಸಭೆಯಿಂದ ಸುಂಕವಿಲ್ಲದ ನದಿಯವರೆಗೆ ಐವತ್ತೆರಡು ವರ್ಷ ಹಿಡಿದಿತ್ತು. ನಾವು ಈಗಷ್ಟೇ ಶುರುಮಾಡಿದ್ದೇವೆ.

ಏಳುವಾಗ ಅವನು ಕೇಳಿದ: “ಸಾ, ಆ ಕರಾರು ಯಾರಾದ್ರೂ ಮುರಿದ್ರೆ ಅಲ್ಲಿ ಏನ್ ಮಾಡ್ತರೆ?”

ನಾನು ಮತ್ತೆ ಕೂತೆ. “ಗೊತ್ತಿಲ್ಲಪ್ಪ” ಎಂದೆ. “ಓದಿ ಬಂದು ಹೇಳ್ತೀನಿ.”

ಈಗ ಅದನ್ನೇ ಓದುತ್ತಿದ್ದೇನೆ. ಬೆಳಿಗ್ಗೆ ಎದ್ದು ಪೇಪರಿನಲ್ಲಿ ಕನ್ನಂಬಾಡಿಯ ಅಂಕಿ ನೋಡುತ್ತೇನೆ. ಆಮೇಲೆ ಪುಟ್ಟಿ ಕಲಿಸಿಕೊಟ್ಟಂತೆ ಫೋನಿನಲ್ಲಿ ಕೌಬ್ ಅಂಕಿ. ಎರಡನ್ನೂ ನೋಡಿದ ಮೇಲೆಯೇ ನನ್ನ ಕಾಫಿ.